ಬಹುಕಾಲದ ಬಿಡುವಿನ ನಂತರ ಮತ್ತೆ ಕಾಡುದಾರಿಯ ಸೈಕಲ್ ಸವಾರಿ

ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಮೌಂಟನ್ ಬೈಕಿನ ಧೂಳು ಒರೆಸಿ, ಅದನ್ನು ನೇರವಾಗಿ ಬೆಂಗಳೂರಿನ ತುರಹಳ್ಳಿಯ ಬಂಡೆಗಳ ಮೇಲೆ ಇಳಿಸುವುದು ಜಾಣತನವಲ್ಲ. ಮೊದಲು ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆದರೆ ಹೊಸ ಟೈರೇ ಗತಿ. ಟ್ಯೂಬ್‌ಲೆಸ್ ಚಕ್ರದೊಳಗಿನ ಸೀಲಂಟ್, ಅಂದರೆ ತೂತು ಮುಚ್ಚುವ ದ್ರವ, ಕೆಲವೇ ತಿಂಗಳುಗಳಲ್ಲಿ ಒಣಗಿ ರಬ್ಬರಿನ ಹಾಳೆಯಂತಾಗುವುದರಿಂದ, ಅದನ್ನು ಕಿತ್ತು ಹೊಸದನ್ನು ತುಂಬಬೇಕು. ಡಾಟ್ ಎಂಬ ಬ್ರೇಕ್ ದ್ರವ ಬಳಸುವ ಡಿಸ್ಕ್ ಬ್ರೇಕಾದರೆ, ಆ ದ್ರವವು ಗಾಳಿಯ ತೇವವನ್ನು ಹೀರಿ, ಉದ್ದದ ಇಳಿಜಾರಿನಲ್ಲಿ ಬಿಸಿಯೇರಿದಾಗ ಬೇಗ ಕುದಿಯುತ್ತದೆ; ಆದ್ದರಿಂದ ಲಿವರ್ ಬಿಗಿಯಾಗಿದ್ದರೂ ದ್ರವವನ್ನು ಬದಲಿಸಿಯೇ ಹೊರಡಬೇಕು. ಬಿಡುವಿನಲ್ಲಿ ಸವಾರನ ತೂಕವೂ ಏರಿರುತ್ತದೆ, ಮುಚ್ಚಿಡುವುದೇಕೆ? ಹಾಗಾಗಿ ಪೆಡಲುಗಳ ಮೇಲೆ ನಿಂತಾಗ ಏರ್ ಫೋರ್ಕ್ (ಗಾಳಿಯ ಒತ್ತಡದಿಂದ ಕುಲುಕಾಟ ತಡೆಯುವ ಮುಂಚಕ್ರದ ಕವೆ) ತನ್ನ ಒಟ್ಟು ಚಲನೆಯ ಸುಮಾರು ಶೇ. 20ರಷ್ಟು ಕುಗ್ಗುವಂತೆ ಗಾಳಿ ತುಂಬಿಸಿಕೊಳ್ಳಬೇಕು.

ಮೊದಲ ಕೆಲವು ವಾರ ಸಮತಟ್ಟಾದ ಮಣ್ಣುದಾರಿಯಲ್ಲಿ ಒಂದು ಗಂಟೆ ಸಾಕು. ಶ್ವಾಸಕ್ಕಿಂತ ಮೊದಲು ಸೋಲುವುದು ಮುಂಗೈ. ಹಿಡಿಕೆಯನ್ನು ಗಟ್ಟಿಯಾಗಿ ಹಿಚುಕದೆ, ಬ್ರೇಕಿನ ಮೇಲೆ ಒಂದೇ ಬೆರಳಿಡಬೇಕು. ಇಳಿಜಾರಿನಲ್ಲಿ ಪೆಡಲುಗಳನ್ನು ಸಮವಾಗಿಟ್ಟು, ಮೊಣಕೈ ಮಡಿಸಿ, ಮುಂಚಕ್ರದ ಬುಡವನ್ನಲ್ಲ, ಮುಂದಿನ ತಿರುವನ್ನು ನೋಡಬೇಕು. ತುರಹಳ್ಳಿ ಅರಣ್ಯ ಪ್ರದೇಶವಾದ್ದರಿಂದ ಪ್ರವೇಶದ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.