ಒಲೆ ಮೂರು, ತೋಟ ಒಂದೇ

ಶಿರಸಿ ತಾಲೂಕಿನ ನಮ್ಮ ಮನೆಯ ಅಡಿಕೆ ತೋಟ ನಾಲ್ಕು ಎಕರೆ. ಅಜ್ಜನ ಕಾಲದಿಂದ ಪಾಲಾಗಿಲ್ಲ. ಈಗ ಮೂರು ಸಂಸಾರ ಅದನ್ನೇ ನಂಬಿಕೊಂಡಿವೆ: ನಮ್ಮದು, ಮೈದುನನದು, ಚಿಕ್ಕ ಮಾವನದು. ಅಡುಗೆಮನೆ ಬೇರೆಯಾಗಿ ವರ್ಷಗಳೇ ಆದವು. ತೋಟದ ಲೆಕ್ಕ ಬರೆಯುವವಳು ನಾನು. "ಒಟ್ಟಿಗೆ ಮಾಡಿದರೆ ಜಗಳ ಆಗಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ನಾವು ಮಾಡಿಕೊಂಡ ಏರ್ಪಾಟು ಹೀಗಿದೆ.

ಮೊದಲು, ಯಾಕೆ ಹಿಸ್ಸೆ ಮಾಡಲಿಲ್ಲ ಅಂತ ಹೇಳಬೇಕು. ನಮ್ಮದು ಎರಡು ಗುಡ್ಡದ ನಡುವಿನ ತೋಟ. ನೀರು ಮೇಲಿನ ಕೆರೆಯಿಂದ ಇಳಿಯುತ್ತದೆ. ಬಸಿಗಾಲುವೆಗಳು ಮೇಲಿಂದ ಕೆಳಗಿನವರೆಗೆ ಒಂದೇ ಓಟದಲ್ಲಿವೆ. ಮಧ್ಯದಲ್ಲಿ ಒಬ್ಬರು ಕಾಲುವೆಯ ಹೂಳು ತೆಗೆಯದೆ ಬಿಟ್ಟರೆ ಮಳೆಗಾಲದಲ್ಲಿ ಅಕ್ಕಪಕ್ಕದ ಮರಗಳ ಬೇರು ನೀರಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆ ರೋಗವೂ ಅಷ್ಟೇ, ಬೇಲಿ ನೋಡಿ ನಿಲ್ಲುವುದಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, ಅದಾದ ಮೇಲೆ 40–45 ದಿನಕ್ಕೆ ಇನ್ನೊಂದು ಸಲ ಅದಕ್ಕೆ ಬೋರ್ಡೋ ದ್ರಾವಣ ಹೊಡೆಯಲೇಬೇಕು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಒಬ್ಬರ ಪಾಲಿನ ಮರಕ್ಕೆ ತಡವಾದರೆ ಪಕ್ಕದ ಪಾಲಿನ ಅಡಿಕೆಯೂ ಉದುರುತ್ತದೆ. ಇನ್ನು ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ನಮ್ಮ ಜಿಲ್ಲೆಯ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದ್ದು. ಅದನ್ನು ತುಂಡು ಮಾಡಿ ಕಾಯುವುದು ಯಾರಿಂದ ಆಗುತ್ತದೆ?

ಆದರೆ ಒಟ್ಟಿಗಿರುವುದಕ್ಕೆ ಪ್ರೀತಿಯೊಂದೇ ಸಾಲದು. ನಮ್ಮಲ್ಲಿ ಮೈದುನ ಪೂರ್ತಿ ತೋಟದಲ್ಲೇ ಇರುತ್ತಾನೆ. ನಮ್ಮವರು ಶಿರಸಿಯಲ್ಲಿ ನೌಕರಿಯಲ್ಲಿದ್ದಾರೆ, ರಜೆಯಲ್ಲಿ ಮಾತ್ರ ಕೈ ಹಾಕುತ್ತಾರೆ. ಚಿಕ್ಕ ಮಾವನಿಗೆ ವಯಸ್ಸಾಯಿತು, ಅವರ ಮಗ ಬೆಂಗಳೂರಲ್ಲಿದ್ದಾನೆ. ದುಡಿಯುವವನಿಗೂ ದೂರ ಇರುವವನಿಗೂ ಒಂದೇ ಹಣ ಅಂದರೆ ದುಡಿಯುವವನ ಮನಸ್ಸು ಕೆಡುತ್ತದೆ. ಕೆಡುವುದು ನ್ಯಾಯವೂ ಹೌದು.

ಹಾಗಾಗಿ ದುಡಿಮೆಯನ್ನೂ ಪಾಲನ್ನೂ ಬೇರೆ ಮಾಡಿದೆವು. ತೋಟದಲ್ಲಿ ಮೈ ಮುರಿದವರಿಗೆ, ಅವರು ಮನೆಯವರೇ ಆಗಲಿ, ಊರಲ್ಲಿ ನಡೆಯುವ ಪಗಾರ. ಸುಲಿಯಲು ಕೂತ ಹೆಂಗಸರಿಗೂ ಅಷ್ಟೇ. ನಾನು, ಓರಗಿತ್ತಿ, ಅತ್ತೆ ಸುಲಿದ ಅಡಿಕೆ ಅಳೆದು, ಹೊರಗಿನವರಿಗೆ ಕೊಡುವ ದರದಲ್ಲೇ ನಮ್ಮ ಹೆಸರಿಗೆ ಬರೆಯುತ್ತೇನೆ. ಮೊದಲು ಮನೆ ಹೆಂಗಸರ ಕೆಲಸ ಯಾವ ಪುಸ್ತಕಕ್ಕೂ ಏರುತ್ತಿರಲಿಲ್ಲ. ಇದನ್ನು ಶುರು ಮಾಡಿದ್ದು ನನಗೆ ತುಂಬಾ ಮುಖ್ಯ. ಔಷಧಿ, ಗೊಬ್ಬರ, ಪಗಾರ ಎಲ್ಲ ಕಳೆದು ಉಳಿದದ್ದರಲ್ಲಿ ಐದನೇ ಒಂದು ಭಾಗ ತೋಟದ ಖಾತೆಗೆ ಹೋಗುತ್ತದೆ. ಮಿಕ್ಕಿದ್ದು ಪಾಲುದಾರರಿಗೆ. ಮೈದುನನಿಗೆ ಪಗಾರವೂ ಸಿಗುತ್ತದೆ, ಪಾಲೂ ಸಿಗುತ್ತದೆ.

ತೋಟದ ಖಾತೆ ಅಂತ ಇಟ್ಟಿದ್ದಕ್ಕೂ ಕಾರಣ ಇದೆ. ಅಡಿಕೆ ಸಸಿ ನೆಟ್ಟರೆ ಫಲ ಕೊಡಲು ಐದಾರು ವರ್ಷ ಬೇಕು. ನೆಟ್ಟವರ ಜೇಬಿಂದಲೇ ಖರ್ಚಾಗಬೇಕು ಅಂದರೆ ಯಾರೂ ಸಸಿ ಹಾಕುವುದಿಲ್ಲ. ತೋಟ ಸುಮ್ನೆ ಮುದಿಯಾಗುತ್ತದೆ. ಎಲೆಚುಕ್ಕೆ ರೋಗ ಬಂದಾಗ ಹೆಚ್ಚುವರಿ ಔಷಧಿಗೆ ಹಣ ಬಂದದ್ದೂ ಈ ಖಾತೆಯಿಂದಲೇ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಸಿಗುವುದು ಕಷ್ಟವಾದಾಗ, ನೆಲದಲ್ಲೇ ನಿಂತು ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ತಂದದ್ದೂ ಹಾಗೆಯೇ. ಅದನ್ನು ಮೊದಲು ಕಲಿತವನು ಬೆಂಗಳೂರಿನ ಹುಡುಗ, ದೀಪಾವಳಿ ರಜೆಯಲ್ಲಿ.

ನಾದಿನಿಯ ವಿಷಯ ಹಲವು ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳಿತು. ಆ ಹಕ್ಕು ಸಿಗಲು ತಂದೆ 2005ರಲ್ಲಿ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾವ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ, ಅಂದರೆ ಜಮೀನಿನ ದಾಖಲೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ, ಅವಳ ಹೆಸರನ್ನೂ ಸೇರಿಸಿದೆವು. ನೆಂಟರು ಕೆಲವರು "ಒಂದು ಹಕ್ಕುಬಿಡುಗಡೆ ಪತ್ರ ಬರೆಸಿಬಿಡಿ" ಅಂದರು. ನಮ್ಮ ಅತ್ತೆ ಒಪ್ಪಲಿಲ್ಲ. "ಅವಳೂ ಇದೇ ತೋಟದ ಸೊಪ್ಪು ಹೊತ್ತವಳು" ಅಂದರು. ಅಜ್ಜನಿಗೆ ಇದ್ದದ್ದು ಇಬ್ಬರೇ ಮಕ್ಕಳು. ಅರ್ಧ ಚಿಕ್ಕ ಮಾವನ ಕಡೆಗೆ. ನಮ್ಮ ಅರ್ಧದಲ್ಲಿ ಅತ್ತೆ, ನಮ್ಮವರು, ಮೈದುನ, ನಾದಿನಿ ಸಮಪಾಲು ಅಂತ ಒಪ್ಪಿಕೊಂಡಿದ್ದೇವೆ. ಸಹಕಾರಿ ಸೊಸೈಟಿಯಲ್ಲಿ ಅಡಿಕೆ ಟೆಂಡರ್‌ನಲ್ಲಿ ಮಾರಾಟವಾಗಿ ಹಣ ಬಂದ ಮೇಲೆ ನಾದಿನಿಯ ಪಾಲು ಅವಳ ಬ್ಯಾಂಕ್ ಖಾತೆಗೆ ಹೋಗುತ್ತದೆ.

ಜಮೀನು ಎಲ್ಲರ ಹೆಸರಲ್ಲಿ ಜಂಟಿಯಾಗಿರುವುದರಲ್ಲಿ ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ಬೆಳೆ ಸಾಲಕ್ಕೆ ಎಲ್ಲರ ಸಹಿ ಬೇಕು. ಒಬ್ಬರು ದೂರದ ಊರಲ್ಲಿದ್ದರೆ ಕೆಲಸ ನಿಲ್ಲುತ್ತದೆ. ಮೇ ತಿಂಗಳ ರಜೆಗೆ ಎಲ್ಲರೂ ಬರುತ್ತಾರೆ. ಆಗಲೇ ಕಾಗದ ಪತ್ರ, ಸಹಿ, ಲೆಕ್ಕ ಓದುವುದು ಎಲ್ಲ ಮುಗಿಸುತ್ತೇವೆ. ನಾನು ಪುಸ್ತಕ ಓದುತ್ತೇನೆ, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಚಿಕ್ಕ ಮಾವ ಒಂದು ಚೀಲ ಸುಣ್ಣದ ದರವನ್ನೂ ಬಿಡುವುದಿಲ್ಲ. ನನಗದು ಇಷ್ಟವೇ. ಕೇಳಿದ್ದು ಅಲ್ಲೇ ತೀರುತ್ತದೆ, ಹಿಂದಿನಿಂದ ಗುಸುಗುಸು ಇರುವುದಿಲ್ಲ.

ಯಾರಿಗಾದರೂ ಮುಂದೆ ಪಾಲು ಬೇಕೆಂದರೆ? ಅದನ್ನೂ ಬರೆದಿಟ್ಟಿದ್ದೇವೆ. ಮೊದಲು ಮನೆಯವರನ್ನೇ ಕೇಳಬೇಕು, ಹಣವನ್ನು ಕಂತಿನಲ್ಲಿ ತೆಗೆದುಕೊಳ್ಳಬೇಕು. ಅದಕ್ಕೂ ಒಪ್ಪಿಗೆಯಾಗದಿದ್ದರೆ ಜಮೀನು ಭಾಗ ಮಾಡಲು ಬೇಕಾದ ಸರ್ವೆಯ 11ಇ ನಕ್ಷೆ ಮಾಡಿಸಿ ತೋಟದ ಅಂಚಿನಿಂದ ಕೊಡುವುದು. ಕೆರೆ, ಕಾಲುವೆ, ಅಂಗಳ ಮಾತ್ರ ಯಾವತ್ತೂ ಎಲ್ಲರದ್ದು. ಈ ಹಾಳೆಯ ಒಂದೊಂದು ಪ್ರತಿ ಮೂರೂ ಮನೆಯಲ್ಲಿದೆ, ನಾದಿನಿಯ ಹತ್ತಿರವೂ ಒಂದಿದೆ.