ಪ್ರೋಬ್ ಹಿಡಿಯುವುದನ್ನು ಮತ್ತೆ ಕಲಿತ ಬಗೆ

ದಾವಣಗೆರೆಯಲ್ಲಿ ದಂತ ಚಿಕಿತ್ಸಾಲಯ ತೆರೆದು ಹನ್ನೊಂದು ವರ್ಷ ಕಳೆದಿದ್ದವು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದು, ಎರಡು ವರ್ಷದ ಹಿಂದೆ ನಾನೇ ಕೂರಿಸಿದ್ದ ಕೆಳದವಡೆಯ ಇಂಪ್ಲಾಂಟನ್ನು (ಮೂಳೆಯೊಳಗೆ ಕೂರಿಸಿ ಮೇಲೆ ಹಲ್ಲಿನ ಕ್ಯಾಪ್ ಹಾಕುವ ಟೈಟೇನಿಯಂ ಕೃತಕ ಬೇರು) ತೋರಿಸಿ, “ಡಾಕ್ಟ್ರೇ, ನೀವು ಹಾಕಿದ ಹಲ್ಲಿಗೂ ಹುಳ ಹಿಡೀತೈತೇನ್ರೀ?” ಎಂದು ಕೇಳಿದರು. ವಸಡನ್ನು ಮೆಲ್ಲನೆ ಒತ್ತಿದಾಗ ಕ್ಯಾಪಿನ ಅಂಚಿನಿಂದ ಕೀವು ಜಿನುಗಿತು. ಎಕ್ಸ್‌ರೇ ತೆಗೆದಾಗ ಇಂಪ್ಲಾಂಟಿನ ಸುತ್ತ ಮೂಳೆ ಬಟ್ಟಲಿನಾಕಾರದಲ್ಲಿ ಕರಗಿರುವುದು ಕಂಡಿತು. ಕ್ಯಾಪ್ ಕೂರಿಸಿದ ದಿನ ವಸಡಿಗೂ ಇಂಪ್ಲಾಂಟಿಗೂ ನಡುವಿನ ಸಂದಿಯ ಆಳ ಎಷ್ಟಿತ್ತೆಂದು ಅವರ ಕಡತದಲ್ಲಿ ಹುಡುಕಿದೆ. ನಾನು ಅಂದು ಅಳೆದೇ ಇರಲಿಲ್ಲ.

ನಮ್ಮ ಊರಿನಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಚಿತ್ರದುರ್ಗದಲ್ಲಿ ಇನ್ನೊಂದಿದೆ. ಹೀಗಾಗಿ ವೈದ್ಯರ ಮುಂದುವರಿದ ಶಿಕ್ಷಣದ ಕಾರ್ಯಕ್ರಮಗಳಿಗೆ ಕೊರತೆಯೇನೂ ಇರಲಿಲ್ಲ. ಆದರೆ ನಾನು ಆರಿಸಿಕೊಂಡವೆಲ್ಲ ಇಂಪ್ಲಾಂಟ್ ಕೂರಿಸುವ ತರಬೇತಿಗಳೇ ಆಗಿದ್ದವು. ವಸಡಿನ ರೋಗದ ಉಪನ್ಯಾಸವೆಂದರೆ ಬಿಡಿಎಸ್‌ನಲ್ಲಿ ಓದಿದ್ದೇ ಸಾಕೆಂದುಕೊಂಡು ಹೊರಗೆ ಚಹಾ ಕುಡಿಯಲು ಹೋಗುತ್ತಿದ್ದೆ. ಆ ರೋಗಿ ಬಂದು ಹೋದ ಮೇಲೆ, ವಸಡಿನ ಚಿಕಿತ್ಸೆ ಮತ್ತು ಇಂಪ್ಲಾಂಟ್ ಆರೈಕೆಯನ್ನು ಕೈಯಿಂದ ಮಾಡಿಸಿ ಕಲಿಸುವ, ಹಲವು ಭಾನುವಾರಗಳಿಗೆ ಹಂಚಿದ್ದ ಒಂದು ತರಬೇತಿಗೆ ಸೇರಿಕೊಂಡೆ.

ಮೊದಲ ದಿನ ನಮ್ಮ ಮುಂದೆ ಇಟ್ಟದ್ದು ಬಂಗಾರದಂಗಡಿಯಲ್ಲಿ ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ ಮತ್ತು ಒಂದು ಪ್ರೋಬ್, ಅಂದರೆ ವಸಡಿನ ಸಂದಿಯ ಆಳ ಅಳೆಯುವ ತೆಳ್ಳನೆಯ ಅಳತೆಕಡ್ಡಿ. ವಸಡಿನ ಆಳ ಅಳೆಯುವಾಗ ಒತ್ತಡ ಸುಮಾರು 25 ಗ್ರಾಂ ಭಾರದಷ್ಟಿರಬೇಕು; ನಾನು ನನ್ನ ಎಂದಿನ ಕೈಯಿಂದ ಒತ್ತಿದಾಗ ತಕ್ಕಡಿ 60 ದಾಟಿತು. ಇಷ್ಟು ವರ್ಷ ರೋಗಿಗಳು ಮುಖ ಕಿವುಚಿದ್ದು ಏಕೆಂದು ಆಗ ತಿಳಿಯಿತು. ಕಣ್ಣು ಮುಚ್ಚಿಕೊಂಡು ಒತ್ತಿದರೂ 25ರ ಆಸುಪಾಸಿನಲ್ಲೇ ನಿಲ್ಲುವವರೆಗೆ ಅಭ್ಯಾಸ ಮಾಡಿದೆ. ಇಂಪ್ಲಾಂಟಿನ ವಿಷಯದಲ್ಲಿ ಈ ಹಗುರವಾದ ಕೈ ಇನ್ನೂ ಮುಖ್ಯ. ಸಹಜ ಹಲ್ಲಿನ ಬೇರಿಗೆ ವಸಡಿನ ನಾರುಗಳು ಅಡ್ಡಲಾಗಿ ನಾಟಿಕೊಂಡಿರುತ್ತವೆ, ಟೈಟೇನಿಯಂ ಮೈಗೆ ಹಾಗೆ ನಾಟದೆ ಅದರ ಉದ್ದಕ್ಕೂ ಹಾಯ್ದಿರುತ್ತವೆ. ಆದ್ದರಿಂದ ಅಲ್ಲಿ ಪ್ರೋಬ್ ಸುಲಭವಾಗಿ ಒಳಕ್ಕೆ ಇಳಿದುಬಿಡುತ್ತದೆ, ಸೋಂಕೂ ಹಾಗೆಯೇ ಇಳಿಯುತ್ತದೆ.

ಎರಡನೆಯ ಭಾನುವಾರ, ಹಲ್ಲಿನ ಬೇರನ್ನು ಕೆರೆದು ಶುಚಿಗೊಳಿಸುವ ಕ್ಯುರೆಟ್ ಎಂಬ ಉಪಕರಣವನ್ನು ಮಸೆಯುವುದನ್ನು ಕಲಿಸಿದರು. ಮೊಂಡಾದ ಅಂಚಿನ ಮೇಲೆ ದೀಪದ ಬೆಳಕು ಬಿಳಿಗೆರೆಯಾಗಿ ಹೊಳೆಯುತ್ತದೆ, ಹರಿತವಾದ ಅಂಚು ಹೊಳೆಯುವುದಿಲ್ಲ. ಮೊಂಡು ಉಪಕರಣವು ಬೇರಿನ ಮೇಲಿನ ಗಾರೆಯನ್ನು (ಗಟ್ಟಿಗಟ್ಟಿದ ಕೊಳೆಯನ್ನು) ಕೀಳುವ ಬದಲು ನುಣುಪಾಗಿಸಿ ಅಲ್ಲೇ ಉಳಿಸುತ್ತದೆ, ನಾವು ಸ್ವಚ್ಛವಾಯಿತೆಂದು ಭಾವಿಸುತ್ತೇವೆ. ಈಗ ನನ್ನ ಮೇಜಿನ ಮೇಲೆ ಮಸೆಗಲ್ಲು ಸದಾ ಇರುತ್ತದೆ.

ನಾನು ಓದುವಾಗ ಇದ್ದದ್ದು ವಸಡಿನ ರೋಗಗಳ 1999ರ ವರ್ಗೀಕರಣ. 2018ರಲ್ಲಿ ಪ್ರಕಟವಾದ ಹೊಸ ವರ್ಗೀಕರಣವು ರೋಗ ಎಷ್ಟು ಬಲಿತಿದೆ ಎಂಬುದಕ್ಕೆ ನಾಲ್ಕು ಹಂತಗಳನ್ನೂ ಎಷ್ಟು ವೇಗವಾಗಿ ಸಾಗುತ್ತಿದೆ ಎಂಬುದಕ್ಕೆ ಎ, ಬಿ, ಸಿ ಎಂಬ ದರ್ಜೆಗಳನ್ನೂ ಕೊಡುತ್ತದೆ. ಅತಿ ಹೆಚ್ಚು ಹಾನಿಯಾದ ಹಲ್ಲಿನ ಬಳಿ ಕರಗಿದ ಮೂಳೆಯ ಶೇಕಡಾವಾರನ್ನು ವಯಸ್ಸಿನಿಂದ ಭಾಗಿಸಿದಾಗ 1ಕ್ಕಿಂತ ಹೆಚ್ಚು ಬಂದರೆ ಅದು ಅತಿ ವೇಗದ ಸಿ ದರ್ಜೆ. ಶೇಕಡಾ ಐವತ್ತರಷ್ಟು ಮೂಳೆ ಕಳೆದುಕೊಂಡ 38 ವರ್ಷದವರೂ 65 ವರ್ಷದವರೂ ಎಕ್ಸ್‌ರೇಯಲ್ಲಿ ಒಂದೇ ರೀತಿ ಕಂಡರೂ ಒಂದೇ ರೋಗಿಗಳಲ್ಲ ಎಂಬುದು ಈ ಸರಳ ಲೆಕ್ಕದಿಂದ ನನಗೆ ಮನದಟ್ಟಾಯಿತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ ಸಿಗರೇಟು ಸೇದುತ್ತಿದ್ದರೆ ದರ್ಜೆ ಇನ್ನೂ ಮೇಲೇರುತ್ತದೆ. ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುವುದರಿಂದ ರೋಗ ಮರೆಯಾಗಿಯೇ ಇರುತ್ತದೆ ಎಂಬುದನ್ನು ನಾನು ಈಗ ಪ್ರತಿಯೊಬ್ಬರಿಗೂ ಬಿಡಿಸಿ ಹೇಳುತ್ತೇನೆ. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುವವರನ್ನೂ ಅದನ್ನು ಬಿಡುವಂತೆ ಒತ್ತಾಯದಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಅವರ ವಿಷಯದಲ್ಲಿ ನನಗೆ ವಸಡಿನ ರೋಗಕ್ಕಿಂತ ದೊಡ್ಡದಾದ ಬಾಯಿ ಕ್ಯಾನ್ಸರಿನ ಭಯವಿದೆ.

ಚಿಕಿತ್ಸಾಲಯದಲ್ಲಿ ಆದ ಬದಲಾವಣೆಗಳಲ್ಲಿ ಅಳತೆಯನ್ನು ಗಟ್ಟಿಯಾಗಿ ಹೇಳುವುದೇ ದೊಡ್ಡದು. ಒಂದೊಂದು ಹಲ್ಲಿಗೆ ಆರು ಕಡೆ, 28 ಹಲ್ಲಿದ್ದರೆ 168 ಅಂಕಿ. ನಾನು “ಮೂರು, ಎರಡು, ಮೂರು” ಎನ್ನುತ್ತ ಹೋಗುತ್ತೇನೆ, ಸಹಾಯಕಿ ಬರೆದುಕೊಳ್ಳುತ್ತಾಳೆ. ಮೂರು ಮಿಲಿಮೀಟರ್‌ವರೆಗೆ ಚಿಂತೆಯಿಲ್ಲವೆಂದು ಮೊದಲೇ ಹೇಳಿರುವುದರಿಂದ, “ಏಳು” ಎಂದೊಡನೆ ರೋಗಿಯ ಕಣ್ಣು ನನ್ನ ಕಡೆ ತಿರುಗುತ್ತದೆ. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ ಎಂದು ನಂಬಿ ಬಂದವರಿಗೆ ನಾನು ಅರ್ಧ ಗಂಟೆ ಕೊಟ್ಟ ವಿವರಣೆಗಿಂತ ಆ ಅಂಕಿಗಳು ಬೇಗ ಅರ್ಥವಾಗುತ್ತವೆ. ಗಾರೆ ತೆಗೆದು ಎರಡು ಮೂರು ತಿಂಗಳಾದ ಮೇಲೆ ಮತ್ತೆ ಅಳೆಯುತ್ತೇನೆ. ಆಳವೂ ರಕ್ತಸ್ರಾವವೂ ಇಳಿಯದಿದ್ದರೆ ಇಂಪ್ಲಾಂಟಿನ ಮಾತನ್ನೇ ಎತ್ತುವುದಿಲ್ಲ. ಇದರಿಂದ ಕೆಲವರು ಬೇರೆ ಕಡೆ ಹೋಗಿ ಹಾಕಿಸಿಕೊಂಡದ್ದೂ ಉಂಟು. ಆದರೂ ನಿಲುವು ಬದಲಿಸಿಲ್ಲ.

ಚನ್ನಗಿರಿಯವರ ಇಂಪ್ಲಾಂಟನ್ನು ನಾನೊಬ್ಬನೇ ಮುಟ್ಟಲಿಲ್ಲ. ವಸಡು ತಜ್ಞರನ್ನು ನನ್ನ ಚಿಕಿತ್ಸಾಲಯಕ್ಕೇ ಕರೆಸಿ, ಅವರ ಪಕ್ಕದಲ್ಲಿ ಸಹಾಯಕನಾಗಿ ನಿಂತೆ. ವಸಡನ್ನು ಬಿಡಿಸಿದಾಗ ಕ್ಯಾಪಿನ ಅಂಚಿನ ಕೆಳಗೆ ರಾಗಿಕಾಳಿನಷ್ಟು ಗಾತ್ರದ ಸಿಮೆಂಟ್ ಅಂಟಿಕೊಂಡಿತ್ತು. ಕ್ಯಾಪ್ ಕೂರಿಸುವಾಗ ಹೊರಚೆಲ್ಲಿದ್ದನ್ನು ನಾನು ಪೂರ್ತಿ ತೆಗೆದಿರಲಿಲ್ಲ. ಟೈಟೇನಿಯಂ ಕ್ಯುರೆಟ್‌ನಿಂದ ಅದನ್ನು ತೆಗೆದು, ಮೈಯನ್ನೆಲ್ಲ ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಅದ್ದಿದ ಗಾಜ್ ಬಟ್ಟೆಯಿಂದ ಒರೆಸಿ ಹೊಲಿಗೆ ಹಾಕಿದರು. ಗಾಯ ಮಾಗಿದ ಮೇಲೆ ಸಿಮೆಂಟ್ ಬೇಡದ, ಸ್ಕ್ರೂನಿಂದ ಬಿಗಿಯುವ ಕ್ಯಾಪನ್ನು ಹಣ ಪಡೆಯದೆ ಮಾಡಿಕೊಟ್ಟು, ತಪ್ಪು ನನ್ನದೆಂದು ಅವರಿಗೆ ಹೇಳಿದೆ.

ಕರಗಿದ ಮೂಳೆ ಮರಳಲಿಲ್ಲ. ಏಳು ಮಿಲಿಮೀಟರ್ ಇದ್ದ ಆಳ ನಾಲ್ಕಕ್ಕೆ ಬಂದು ನಿಂತಿದೆ, ಕೀವಿಲ್ಲ, ರಕ್ತವಿಲ್ಲ. ಹಲ್ಲುಸಂದಿಯ ಬ್ರಷ್ಷನ್ನು ಕ್ಯಾಪಿನ ಎರಡೂ ಬದಿಯಿಂದ ತೂರಿಸುವುದನ್ನು ಕನ್ನಡಿ ಹಿಡಿದು ಕಲಿತಿದ್ದಾರೆ. ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಅಡಿಕೆ ಕೊಯ್ಲಿನ ಸಮಯ ಹತ್ತಿರವಾದರೆ ಫೋನ್ ಮಾಡಿ ದಿನವನ್ನು ಬದಲಿಸಿಕೊಳ್ಳುತ್ತಾರೆ, ಕುರ್ಚಿಯಲ್ಲಿ ಕುಳಿತೊಡನೆ “ಈ ಸಲ ಎಷ್ಟೈತಿ ನೋಡ್ರಿ” ಎಂದು ತಾವೇ ಬಾಯಿ ತೆರೆಯುತ್ತಾರೆ.