ಹಳೆ ಓಮ್ನಿಗೆ ಟೈರು, ಗಾಳಿ: ನನ್ನ ಅನುಭವ

ನನ್ನದು ಶಿರಸಿಯಲ್ಲಿ ಅಡುಗೆ ಕೆಲಸ. ಮದುವೆ, ಉಪನಯನ ಅಂತ ವಾರಕ್ಕೆರಡು ಸಲವಾದರೂ ಪಾತ್ರೆ, ಒಲೆ, ಸಿಲಿಂಡರ್, ಗ್ರೈಂಡರ್ ತುಂಬಿಕೊಂಡು ಹೊರಡಬೇಕು. ಗಾಡಿ 2009ರ ಮಾರುತಿ ಓಮ್ನಿ ಕಾರ್ಗೋ. ಸೆಕೆಂಡ್ ಹ್ಯಾಂಡ್ ಕೊಂಡದ್ದು.

ಕೊಂಡ ಹೊಸತರಲ್ಲಿ ಒಂದು ದಿನ ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಸಾಮಾನು ಇಳಿಸುತ್ತಿದ್ದೆವು. ಹಿಂದಿನ ಎಡ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡಿತು. ಒಳಗಿನ ದಾರ ಹರಿದರೆ ಹೀಗೆ ಉಬ್ಬುತ್ತದೆ. ಘಟ್ಟದ ತಿರುವಿನಲ್ಲೇ ಒಡೆದಿದ್ದರೆ? ಪಕ್ಕದಲ್ಲಿ ನಮ್ಮ ಹುಡುಗ ಕೂತಿದ್ದ. ಇವತ್ತಿಗೂ ನೆನೆದರೆ ಕೈ ತಣ್ಣಗಾಗುತ್ತದೆ.

ಸ್ಟೆಪ್ನಿ ಹಾಕಿದ ಮೇಲೆ ಆ ಟೈರಿನ ಮೇಲಿದ್ದ ಅಕ್ಷರಗಳನ್ನು ಮೊದಲ ಸಲ ಓದಿದೆ. 145/70 ಆರ್12 (ಅಗಲ 145 ಮಿ.ಮೀ., ಪಕ್ಕದ ಎತ್ತರ ಅದರ ಶೇಕಡಾ 70, ರಿಮ್ 12 ಇಂಚು), ಪಕ್ಕದಲ್ಲಿ 69. ಅದು ಮಾರುತಿ 800 ಕಾರಿನ ಟೈರು. ಎರಡಕ್ಕೂ 12 ಇಂಚಿನ ರಿಮ್, ಹಾಗಾಗಿ ಕೂರುತ್ತದೆ. ಓಮ್ನಿಗೆ ಬರುವುದು 145 ಆರ್12 ಎಲ್‌ಟಿ (ಲೈಟ್ ಟ್ರಕ್, ಅಂದರೆ ಸಾಮಾನು ಹೊರುವ ಸಣ್ಣ ಗಾಡಿಗಳ ಟೈರು). ಗಾಡಿಯ ಹಿಂಭಾಗ ಸ್ವಲ್ಪ ಕುಸಿದ ಹಾಗೆ ಯಾಕೆ ಕಾಣುತ್ತಿತ್ತು ಅಂತ ಆಗ ಗೊತ್ತಾಯಿತು. 800ರ ಟೈರು ಗಿಡ್ಡ.

ಆ 69 ಅನ್ನುವುದು ಲೋಡ್ ಇಂಡೆಕ್ಸ್. ಅದು ಕಿಲೋ ಅಲ್ಲ, ಒಂದು ಪಟ್ಟಿಯ ನಂಬರು. 69 ಅಂದರೆ ಒಂದು ಟೈರಿಗೆ 325 ಕಿಲೋ, 74 ಅಂದರೆ 375, 80 ಅಂದರೆ 450, 86 ಅಂದರೆ 530.

ಹಾಗಾದರೆ ನನ್ನ ಗಾಡಿ ಎಷ್ಟು ಭಾರ? ಅಂದಾಜು ಬೇಡ ಅಂತ, ದೊಡ್ಡ ಮದುವೆಯ ಸಾಮಾನು ಪೂರ್ತಿ ತುಂಬಿದ ದಿನ, ಹುಡುಗನನ್ನೂ ಕೂರಿಸಿಕೊಂಡು ವೇಬ್ರಿಡ್ಜಿಗೆ ಹೋದೆ. ಒಟ್ಟು 1320 ಕಿಲೋ. ಆರ್‌ಸಿಯಲ್ಲಿನ ಮಿತಿಯ ಒಳಗಿತ್ತು. ಆಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿದೆ: 740. ಭಾಗಿಸಿದರೆ ಒಂದಕ್ಕೆ 370. ಅಷ್ಟಕ್ಕೇ ಬಿಡದೆ ಎಡ ಹಿಂಚಕ್ರ ಒಂದನ್ನೇ ತೂಗಿಸಿದೆ. 390! ಗ್ರೈಂಡರ್ ಯಾವಾಗಲೂ ಎಡಕ್ಕೇ ಇಡುತ್ತಿದ್ದೆವು. 325ರ ಟೈರಿನ ಮೇಲೆ 390 ಕಿಲೋ ಹೊರಿಸಿ ಘಟ್ಟ ಹತ್ತಿಳಿಸಿದ್ದೆ.

ಟೈರು ಅಂಗಡಿಯವರು, "ಭಟ್ರೇ, 145/80ರಲ್ಲಿ ಕಾರಿನ ಟೈರು ಹಾಕ್ಸಿ, ಮೆತ್ತಗೆ ಹೋಗ್ತದೆ" ಅಂದರು. ಅದರ ನಂಬರು 74. ಅಂದರೆ 375 ಕಿಲೋ. ಸರಾಸರಿ 370 ಲೆಕ್ಕ ಹಿಡಿದರೆ ಸಾಕು ಅನ್ನಿಸುತ್ತದೆ, ಆದರೆ ನನ್ನ ಎಡಚಕ್ರಕ್ಕೆ ಸಾಲದು. ಇನ್ನೊಬ್ಬರು ಎಲ್‌ಟಿಯಲ್ಲೇ 8ಪಿಆರ್ (ಪ್ಲೈ ರೇಟಿಂಗ್, ಟೈರಿನ ಗಟ್ಟಿತನದ ದರ್ಜೆ) ಹಾಕಿ ಅಂದರು. ಅದು 86/84, ಒಂದಕ್ಕೆ 530 ಕಿಲೋ. (ಓರೆಗೆರೆಯ ಆಚೆಗಿನ ನಂಬರು ಜೋಡಿ ಚಕ್ರದ ಗಾಡಿಗಳಿಗೆ, ನಮಗೆ ಬೇಡ.) ಕೇಳಲು ಚೆನ್ನಾಗಿದೆ. ಆದರೆ ಅಷ್ಟು ಹೊರಬೇಕೆಂದರೆ ಅಷ್ಟು ಜಾಸ್ತಿ ಗಾಳಿ ತುಂಬಬೇಕು. ಓಮ್ನಿಯ ಹಿಂದೆ ಇರುವುದು ಪಟ್ಟಿ ಸ್ಪ್ರಿಂಗು, ಖಾಲಿ ಹೋಗುವಾಗ ಕುಣಿಯುತ್ತದೆ. ಮೇಲಾಗಿ ಟೈರು ಗಟ್ಟಿಯಾದ ಮಾತ್ರಕ್ಕೆ ಆಕ್ಸಲ್, ಬ್ರೇಕು ಗಟ್ಟಿಯಾಗುವುದಿಲ್ಲ ಅಲ್ವಾ? ನಾನು 6ಪಿಆರ್, 80/78 ಆರಿಸಿದೆ. 450ರ ಟೈರಿಗೆ 390ರ ಭಾರ. ಇಷ್ಟು ಅಂತರ ನನಗೆ ನೆಮ್ಮದಿ.

ಗಾಳಿಯ ವಿಷಯಕ್ಕೆ ಬರುತ್ತೇನೆ, ತುಂಬಾ ಜನ ಎಡವುವುದು ಇಲ್ಲೇ. ಆ 450 ಕಿಲೋ ಸುಮ್ನೆ ಸಿಗುವುದಿಲ್ಲ. ಭಾರ ಹೊರುವುದು ಒಳಗಿನ ಗಾಳಿ. ಈ ಟೈರು 450 ಹೊರುವುದು 350 ಕಿಲೋಪಾಸ್ಕಲ್, ಅಂದರೆ ಸುಮಾರು 50 ಪಿಎಸ್‌ಐ ಇದ್ದಾಗ. ಬಂಕಿನ ಹುಡುಗರು ಓಮ್ನಿ ನೋಡಿದ ಕೂಡಲೇ ನಾಲ್ಕಕ್ಕೂ 30 ಹಾಕುತ್ತಾರೆ. ಖಾಲಿ ಗಾಡಿಗೆ ಸರಿ. ತುಂಬಿದ ಗಾಡಿಗೆ ಟೈರಿನ ಪಕ್ಕ ಮಡಚಿ ಮಡಚಿ ಬಿಸಿಯಾಗುತ್ತದೆ.

ಟೈರಿನ ಕಂಪನಿ ಯಾವ ಭಾರಕ್ಕೆ ಎಷ್ಟು ಗಾಳಿ ಅಂತ ಪಟ್ಟಿ ಕೊಡುತ್ತದೆ. ಅದನ್ನು ನನ್ನ ತೂಕದ ಚೀಟಿಯ ಜೊತೆ ಇಟ್ಟುಕೊಂಡು ನೋಡಿ, ಸ್ವಲ್ಪ ಮೇಲೆ ನಿಂತೆ. ತುಂಬಿದಾಗ ಮುಂದೆ 32, ಹಿಂದೆ 46. ಖಾಲಿ ಇದ್ದರೆ ಹಿಂದೆ 34. ಇವು ನನ್ನ ಗಾಡಿಯ, ನನ್ನ ಸಾಮಾನಿನ ಲೆಕ್ಕ. ನೀವು ನಿಮ್ಮ ಗಾಡಿ ತೂಗಿಸಿಯೇ ಹಾಕಿ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು. ಘಟ್ಟ ಇಳಿದ ಮೇಲೆ ನೋಡಿದರೆ ನಾಲ್ಕೈದು ಪಿಎಸ್‌ಐ ಏರಿರುತ್ತದೆ. ಅದು ಬಿಸಿಯಿಂದ ಆದದ್ದು, ಬಿಡಬೇಡಿ. ಬಿಟ್ಟರೆ ಮಾರನೆಯ ಬೆಳಿಗ್ಗೆ ಕಡಿಮೆ ಇರುತ್ತದೆ. ಒಂದು ಗೇಜು ಸ್ವಂತಕ್ಕೆ ಇಟ್ಟುಕೊಳ್ಳಿ. ನಾನು ಹೋಗುವ ಒಂದು ಬಂಕಿನ ಮೀಟರಿಗೂ ನನ್ನದಕ್ಕೂ 4 ಪಿಎಸ್‌ಐ ವ್ಯತ್ಯಾಸ ಇತ್ತು. ಅನುಮಾನ ಬಂದು ಇನ್ನೊಂದು ಗೇಜಿನಲ್ಲೂ ನೋಡಿದೆ, ನನ್ನದೇ ಸರಿ ಇತ್ತು.

ಕೊಳ್ಳುವಾಗ ತಾರೀಕು ನೋಡಲು ಮರೆಯಬೇಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 3514 ಅಂತಿದ್ದರೆ 2014ರ 35ನೇ ವಾರದ್ದು. ನನ್ನ ಸ್ಟೆಪ್ನಿ ಅಷ್ಟು ಹಳೆಯದಿತ್ತು, ಹಲ್ಲು ಪೂರ್ತಿ ಇದ್ದರೂ ಪಕ್ಕದಲ್ಲಿ ಬಿರುಕು. ಅದನ್ನೂ ಬದಲಿಸಿದೆ.

ಈಗ ಗ್ರೈಂಡರ್ ನಡುವೆ, ಸೀಟಿನ ಹಿಂದೆಯೇ ಕೂರುತ್ತದೆ. ಹಗ್ಗ ಬಿಗಿಯುವುದು ಹುಡುಗನ ಕೆಲಸ, ಗಾಳಿ ನೋಡುವುದು ನನ್ನದು.